ವಿಜ್ಞಾನ ಪಾಠ: ಜೀವಕೋಶದ ದರ್ಜಿಗಳು ಮತ್ತು ಕ್ಯಾಲ್ಸಿಯಂ ಎಂಬ ಗುಂಡುಸೂಜಿ



ಕ್ಯಾಲ್ಸಿಯಂ ಎಂದ ಕೂಡಲೇ ನಮಗೆ ನೆನಪಾಗುವುದು ಮೂಳೆ, ಹಲ್ಲು, ಹಾಲು, ರಾಗಿ ಮುದ್ದೆ ಮತ್ತು ಅಮ್ಮಂದಿರ ಔಷಧದ ಡಬ್ಬಿಯಲ್ಲಿರುವ ಆ ದಪ್ಪ ಬಿಳಿ ಗುಳಿಗೆ. ಇದು ಸರಿಯೇ. ವಯಸ್ಕರ ದೇಹದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ, ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಮೂಳೆ ಮತ್ತು ಹಲ್ಲುಗಳಲ್ಲೇ ಇದೆ. ಆದರೆ ಉಳಿದ ಒಂದು ಪಾಲು ಮಾಡುವ ಕೆಲಸ ನೋಡಿದರೆ ಆಶ್ಚರ್ಯವಾಗುತ್ತದೆ. ಹೃದಯದ ಬಡಿತ, ಸ್ನಾಯುಗಳ ಚಲನೆ, ರಕ್ತ ಹೆಪ್ಪುಗಟ್ಟುವುದು ಎಲ್ಲಕ್ಕೂ ಅದು ಬೇಕು. ಇವೆಲ್ಲಕ್ಕಿಂತ ಕಡಿಮೆ ಪ್ರಚಾರ ಪಡೆದ ಇನ್ನೊಂದು ಕೆಲಸವೂ ಇದೆ: ಜೀವಕೋಶದೊಳಗೆ ಹೊಸದಾಗಿ ತಯಾರಾದ ಪ್ರೋಟೀನುಗಳು ಸರಿಯಾಗಿ ಮಡಿಚಿಕೊಳ್ಳುವಂತೆ ನೋಡಿಕೊಳ್ಳುವ 'ಶಾಪರೋನ್' ಎಂಬ ಸಹಾಯಕ ಪ್ರೋಟೀನುಗಳನ್ನು ನಡೆಸುವುದು.

ಈ ಸಂಚಿಕೆಯ ಪಾಠ ಅದರ ಬಗ್ಗೆ. ಒಂಬತ್ತನೇ ತರಗತಿಯಲ್ಲಿ ಜೀವಕೋಶದ ಪಾಠ ಕಲಿತ ಮಕ್ಕಳು ತಾವೇ ಓದಬಹುದು. ಕಿರಿಯರಿಗೆ ಅಪ್ಪ ಅಮ್ಮ ಓದಿ ಹೇಳಬಹುದು. ನಡುವೆ ನಮ್ಮ ಅಡುಗೆಮನೆಯ ಅರಿಶಿನವೂ ಬರುತ್ತದೆ, ಈ ಮರಳುನಾಡಿನ ಮಕ್ಕಳನ್ನು ಕಾಡುವ ಒಂದು ಕಾಯಿಲೆಯೂ ಬರುತ್ತದೆ. ಆದ್ದರಿಂದ ದಯವಿಟ್ಟು ಕೊನೆಯವರೆಗೂ ಓದಿ.

1. ದಾರದಿಂದ ಅಂಗಿಯವರೆಗೆ

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಸಾಲಾಗಿ ಪೋಣಿಸಿದ ಉದ್ದನೆಯ ಸರ. ಯಾವ ಮಣಿಯ ನಂತರ ಯಾವ ಮಣಿ ಎಂಬುದನ್ನು ನಮ್ಮ ಜೀನ್‌ಗಳು ಹೇಳುತ್ತವೆ. ಆದರೆ ಸರವನ್ನು ಪೋಣಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದು ಒಂದು ನಿರ್ದಿಷ್ಟ ಆಕಾರಕ್ಕೆ ಮಡಿಚಿಕೊಳ್ಳಬೇಕು. ಆಕಾರ ತಪ್ಪಿದರೆ ಕೆಲಸವೂ ತಪ್ಪಿತು. ಇದನ್ನು ಮನೆಯಲ್ಲೇ ನೋಡಬಹುದು. ಮೊಟ್ಟೆಯ ಬಿಳಿಭಾಗ ನೀರಿನಂತೆ ತಿಳಿಯಾಗಿರುತ್ತದೆ. ಕುದಿಯುವ ನೀರಿಗೆ ಹಾಕಿದರೆ ಬೆಳ್ಳಗೆ ಗಟ್ಟಿಯಾಗುತ್ತದೆ. ಮಣಿಗಳ ಸರ ಬದಲಾಗಲಿಲ್ಲ, ಬಿಸಿಗೆ ಮಡಿಕೆಗಳು ಬಿಚ್ಚಿ ಒಂದಕ್ಕೊಂದು ಸಿಕ್ಕಿಹಾಕಿಕೊಂಡವು, ಅಷ್ಟೇ. ತಣ್ಣಗೆ ಮಾಡಿದರೂ ಅದು ಮತ್ತೆ ತಿಳಿಯಾಗುವುದಿಲ್ಲ.

ದುಬೈಯ ಸತ್ವಾದಲ್ಲಿ ಬಟ್ಟೆ ಹೊಲಿಸಿದವರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿನ ದರ್ಜಿ ಅಂಗಡಿಗೆ ನೀವು ಬಟ್ಟೆಯ ತುಂಡು ಕೊಡುತ್ತೀರಿ. ಕಟಿಂಗ್ ಮಾಸ್ಟರ್ ಕತ್ತರಿಸುತ್ತಾರೆ, ಒಬ್ಬರು ಮಡಿಚಿ ಹಿಡಿಯುತ್ತಾರೆ, ಇನ್ನೊಬ್ಬರು ಹೊಲಿಯುತ್ತಾರೆ, ಮತ್ತೊಬ್ಬರು ಕಾಜಾ ಗುಂಡಿ ಮಾಡುತ್ತಾರೆ. ಕೊನೆಗೆ ಮಾಸ್ಟರ್ ತಿರುಗಿಸಿ ನೋಡಿ, ಇಸ್ತ್ರಿ ಹಾಕಿಸಿ, ಗಿರಾಕಿಯ ಕೈಗೆ ಕೊಡುತ್ತಾರೆ. ಕಾಲರ್ ಸೊಟ್ಟಗಿದ್ದರೆ ಅಂಗಿ ಅಂಗಡಿಯಿಂದ ಹೊರಗೆ ಹೋಗುವುದಿಲ್ಲ.

ನಮ್ಮ ಜೀವಕೋಶದಲ್ಲಿ ಇಂಥ ಹೊಲಿಗೆ ಅಂಗಡಿ ಎಂದರೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್. ಹೆಸರು ಉದ್ದವಾಯಿತು, ಆದ್ದರಿಂದ ಇನ್ನು ಮುಂದೆ ಇ.ಆರ್. ಎನ್ನೋಣ. ಕೋಶದಿಂದ ಹೊರಗೆ ಹೋಗಬೇಕಾದ ಪ್ರೋಟೀನುಗಳು (ಇನ್ಸುಲಿನ್, ರೋಗನಿರೋಧಕ ಪ್ರತಿಕಾಯಗಳು ಮುಂತಾದವು) ಮತ್ತು ಕೋಶದ ಹೊರಪೊರೆಯಲ್ಲಿ ಕೂರಬೇಕಾದ ಪ್ರೋಟೀನುಗಳು ಇಲ್ಲೇ ಮಡಿಚಿಕೊಂಡು ಸಿದ್ಧವಾಗುತ್ತವೆ.

2. ಶಾಪರೋನ್ ಎಂದರೆ ಯಾರು?

ಇದು ಫ್ರೆಂಚ್ ಮೂಲದ ಪದ. ಹಿಂದೆ ಯೂರೋಪಿನ ದೊಡ್ಡ ಮನೆತನದ ಹುಡುಗಿಯರು ಹೊರಗೆ ಹೋದಾಗ ಜೊತೆಗೆ ಒಬ್ಬ ಹಿರಿಯ ಹೆಂಗಸು ಹೋಗುತ್ತಿದ್ದರು. ಹುಡುಗಿ ಬೇಡದವರ ಜೊತೆ ಸೇರದಂತೆ ನೋಡಿಕೊಳ್ಳುವುದು ಆಕೆಯ ಕೆಲಸ. ನಮ್ಮ ಕಡೆ ಮದುಮಗಳ ಜೊತೆಗೆ ಸೋದರತ್ತೆಯೋ ದೊಡ್ಡಮ್ಮನೋ ಹೋಗುವುದಿಲ್ಲವೇ, ಹಾಗೆಯೇ. ಪ್ರೋಟೀನ್ ಲೋಕದಲ್ಲಿ ಈ ಪದವನ್ನು ಬ್ರಿಟನ್ನಿನ ರಾನ್ ಲಾಸ್ಕಿ ಮತ್ತು ಸಂಗಡಿಗರು 1978ರಲ್ಲಿ ಬಳಸಿದರು. 1987ರಲ್ಲಿ ಜಾನ್ ಎಲ್ಲಿಸ್ ಅದನ್ನು ಇಂಥ ಎಲ್ಲ ಸಹಾಯಕ ಪ್ರೋಟೀನುಗಳಿಗೂ ವಿಸ್ತರಿಸಿದರು. ಅರ್ಧ ಮಡಿಚಿದ ಪ್ರೋಟೀನು ಇನ್ನೊಂದಕ್ಕೆ ಅಂಟಿಕೊಂಡು ಗಂಟಾಗದಂತೆ ಕಾಯುವವರೇ ಶಾಪರೋನ್‌ಗಳು. ಅವು ಅಂಗಿಯ ಭಾಗವಾಗುವುದಿಲ್ಲ. ಅಂಗಿ ಸಿದ್ಧವಾದ ಮೇಲೆ ಕೈ ಬಿಟ್ಟು ಮುಂದಿನ ಕೆಲಸಕ್ಕೆ ಹೋಗುತ್ತವೆ.

ಇ.ಆರ್. ಅಂಗಡಿಯ ಮುಖ್ಯ ಕೆಲಸಗಾರರನ್ನು ಪರಿಚಯ ಮಾಡಿಕೊಳ್ಳೋಣ.

ಬಿಪ್: ಹೊಸ ಸರ ಒಳಗೆ ಬರುತ್ತಿದ್ದಂತೆಯೇ ಅದರ ಅಂಟುವ ಭಾಗಗಳನ್ನು ಹಿಡಿದುಕೊಳ್ಳುತ್ತದೆ. ಎ.ಟಿ.ಪಿ. ಎಂಬ ಶಕ್ತಿಯ ನಾಣ್ಯವನ್ನು ಖರ್ಚು ಮಾಡುತ್ತಾ ಹಿಡಿಯುವುದು, ಬಿಡುವುದು ಅದರ ಕೆಲಸ.

ಕ್ಯಾಲ್ನೆಕ್ಸಿನ್ ಮತ್ತು ಕ್ಯಾಲ್‌ರೆಟಿಕ್ಯುಲಿನ್: ಇವು ಅಕ್ಕತಂಗಿಯರಂತೆ. ಹೆಸರಿನ ಮೊದಲಲ್ಲೇ 'ಕ್ಯಾಲ್' ಇರುವುದನ್ನು ಗಮನಿಸಿ. ಅದು ಕ್ಯಾಲ್ಸಿಯಂನಿಂದಲೇ ಬಂದದ್ದು.

ಪಿ.ಡಿ.ಐ. ಕುಟುಂಬ: ಸರದ ಎರಡು ಜಾಗಗಳನ್ನು ಗಂಧಕದ ಹೊಲಿಗೆಯಿಂದ ಜೋಡಿಸುವವರು. ಇನ್ಸುಲಿನ್‌ನಲ್ಲಿ ಇಂಥ ಮೂರು ಹೊಲಿಗೆಗಳಿವೆ.

ಅಕ್ಕತಂಗಿಯರ ಕೆಲಸ ಬಹಳ ಸ್ವಾರಸ್ಯಕರ. ಇ.ಆರ್. ಒಳಗೆ ಬರುವ ಹೆಚ್ಚಿನ ಪ್ರೋಟೀನುಗಳಿಗೆ 14 ಸಕ್ಕರೆ ಅಣುಗಳ ಒಂದು ಗೊಂಚಲನ್ನು ಟೋಕನ್ ತರಹ ಕಟ್ಟಲಾಗುತ್ತದೆ. ಅದರ ತುದಿಯಲ್ಲಿ ಮೂರು ಗ್ಲೂಕೋಸ್. ಎರಡನ್ನು ಕತ್ತರಿಸಿ ಒಂದು ಉಳಿದಾಗ ಕ್ಯಾಲ್ನೆಕ್ಸಿನ್ ಅಥವಾ ಕ್ಯಾಲ್‌ರೆಟಿಕ್ಯುಲಿನ್ ಆ ಟೋಕನ್ ಹಿಡಿದು, ಹೊಲಿಗೆಯವರನ್ನು ಕರೆಯುತ್ತದೆ. ಕೊನೆಯ ಗ್ಲೂಕೋಸ್ ಕತ್ತರಿಸಿದಾಗ ಕೈ ಬಿಡುತ್ತದೆ. ಆಗ ಒಬ್ಬ ತಪಾಸಣೆಗಾರ ಬಂದು ನೋಡುತ್ತಾನೆ. ಮಡಿಕೆ ಸರಿಯಿಲ್ಲದಿದ್ದರೆ ಮತ್ತೆ ಒಂದು ಗ್ಲೂಕೋಸ್ ಅಂಟಿಸಿ 'ಇನ್ನೊಮ್ಮೆ ಮಾಡಿ' ಎಂದು ಹಿಂದಕ್ಕೆ ಕಳಿಸುತ್ತಾನೆ. ಎಷ್ಟು ಸಲ ಮಾಡಿದರೂ ಸರಿಯಾಗದ ಪ್ರೋಟೀನನ್ನು ಹೊರಗೆ ತಳ್ಳಿ ಚೂರು ಮಾಡಲಾಗುತ್ತದೆ.

ಈ ಸಂಶೋಧನೆಯಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ ಎನ್ನುವುದು ಹೆಮ್ಮೆಯ ವಿಷಯ. ನಮ್ಮೂರ ಬಾಯಲ್ಲಿ 'ಟಾಟಾ ಇನ್‌ಸ್ಟಿಟ್ಯೂಟ್' ಎನಿಸಿಕೊಂಡ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಪ್ರೊ. ಉತ್ಪಲ್ ಟಾಟು ಅವರು ಈ ಕ್ಷೇತ್ರದ ದೊಡ್ಡ ಹೆಸರಾದ ಆರಿ ಹೆಲೆನಿಯಸ್ ಅವರೊಂದಿಗೆ 1997ರಲ್ಲಿ ಪ್ರಕಟಿಸಿದ ಪ್ರಬಂಧವೊಂದು, ಕ್ಯಾಲ್ನೆಕ್ಸಿನ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಇ.ಆರ್.ನ ಹಲವು ಶಾಪರೋನ್‌ಗಳು ಒಂದು ಜಾಲದಂತೆ ಸೇರಿಕೊಂಡಿರುತ್ತವೆ ಎಂದು ತೋರಿಸಿತು. ಮುಂದೆ ಅವರ ಪ್ರಯೋಗಾಲಯ ಮಲೇರಿಯಾ ರೋಗಾಣುವಿನ ಶಾಪರೋನ್‌ಗಳ ಮೇಲೂ ಕೆಲಸ ಮಾಡಿತು.

3. ಕ್ಯಾಲ್ಸಿಯಂ ಎಲ್ಲಿ ಬರುತ್ತದೆ?

ಹೊಲಿಯುವ ಮುನ್ನ ದರ್ಜಿ ಮಡಿಕೆಗಳಿಗೆ ಗುಂಡುಸೂಜಿ ಚುಚ್ಚಿ ಹಿಡಿಯುವುದನ್ನು ನೋಡಿದ್ದೀರಲ್ಲ? ಇ.ಆರ್. ಅಂಗಡಿಯ ಗುಂಡುಸೂಜಿಯೇ ಕ್ಯಾಲ್ಸಿಯಂ ಎಂದುಕೊಳ್ಳಿ.

ಕೋಶರಸದಲ್ಲಿ ಬಿಡಿಯಾದ ಕ್ಯಾಲ್ಸಿಯಂ ಅತ್ಯಲ್ಪ, ಲೀಟರಿಗೆ ಸುಮಾರು 100 ನ್ಯಾನೋಮೋಲ್. ಅದೇ ಕೋಶದ ಇ.ಆರ್. ಒಳಗೆ ನೂರಾರು ಮೈಕ್ರೋಮೋಲ್, ಅಂದರೆ ಸಾವಿರಾರು ಪಟ್ಟು ಹೆಚ್ಚು! ಈ ವ್ಯತ್ಯಾಸ ತಾನಾಗಿ ಉಳಿಯುವುದಿಲ್ಲ. ಇ.ಆರ್. ಪೊರೆಯಲ್ಲಿ 'ಸರ್ಕಾ' ಎಂಬ ಪಂಪು ಹಗಲೂ ರಾತ್ರಿ ಕೆಲಸ ಮಾಡುತ್ತಾ, ಒಂದು ಎ.ಟಿ.ಪಿ.ಗೆ ಎರಡು ಕ್ಯಾಲ್ಸಿಯಂ ಅಯಾನುಗಳಂತೆ ಒಳಗೆ ತುಂಬುತ್ತಿರುತ್ತದೆ. ನೀರಿನ ಟ್ಯಾಂಕಿನಲ್ಲಿ ಸಣ್ಣ ಸೋರಿಕೆ ಇದ್ದರೂ ಮೋಟಾರು ಓಡುತ್ತಿದ್ದರೆ ಟ್ಯಾಂಕು ತುಂಬಿರುತ್ತದಲ್ಲ, ಹಾಗೆ.

ಒಳಗೆ ತುಂಬಿದ ಕ್ಯಾಲ್ಸಿಯಂ ಶಾಪರೋನ್‌ಗಳಿಗೆ ಏನು ಮಾಡುತ್ತದೆ? ಮುಖ್ಯವಾಗಿ ಮೂರು ಕೆಲಸಗಳನ್ನು ಹೇಳಬಹುದು.

ಮೊದಲನೆಯದು, ಆಕಾರ ಹಿಡಿದಿಡುವುದು. ಕ್ಯಾಲ್ನೆಕ್ಸಿನ್ ಮತ್ತು ಕ್ಯಾಲ್‌ರೆಟಿಕ್ಯುಲಿನ್‌ನಲ್ಲಿ ಸಕ್ಕರೆ ಟೋಕನ್ ಹಿಡಿಯುವ ಭಾಗಕ್ಕೆ ಕ್ಯಾಲ್ಸಿಯಂ ಅಂಟಿಕೊಂಡಿರಬೇಕು. ಅದಿಲ್ಲದಿದ್ದರೆ ಆ ಭಾಗ ಸಡಿಲವಾಗಿ ಟೋಕನ್ ಜಾರುತ್ತದೆ.

ಎರಡನೆಯದು, ಹಿಡಿತದ ಸಮಯ ನಿರ್ಧರಿಸುವುದು. ಕ್ಯಾಲ್ಸಿಯಂ ಕಡಿಮೆಯಾದಾಗ ಬಿಪ್ ತನ್ನ ಕೈಯಲ್ಲಿರುವ ಅರ್ಧ ಮಡಿಚಿದ ಪ್ರೋಟೀನನ್ನು ಬೇಗನೆ ಬಿಟ್ಟುಬಿಡುತ್ತದೆ ಎಂದು 2020ರಲ್ಲಿ ಕೇಂಬ್ರಿಡ್ಜಿನ ಡೇವಿಡ್ ರಾನ್ ಅವರ ತಂಡ ವಿವರವಾಗಿ ತೋರಿಸಿತು.

ಮೂರನೆಯದು ಉಗ್ರಾಣದ ಕೆಲಸ. ಇಲ್ಲಿ ಸಂಬಂಧ ತಿರುಗುಮುರುಗಾಗುತ್ತದೆ: ಶಾಪರೋನ್‌ಗಳೇ ಕ್ಯಾಲ್ಸಿಯಂ ಕಾಯುತ್ತವೆ. ಕ್ಯಾಲ್‌ರೆಟಿಕ್ಯುಲಿನ್‌ನ ಬಾಲದಲ್ಲಿ ಆಮ್ಲ ಗುಣದ ಮಣಿಗಳು ಸಾಲಾಗಿವೆ, ಒಂದು ಅಣು ಸುಮಾರು 25 ಕ್ಯಾಲ್ಸಿಯಂ ಅಯಾನುಗಳನ್ನು ಸಡಿಲವಾಗಿ ಹಿಡಿದಿಡಬಲ್ಲದು. ಹೃದಯದ ಬಡಿತದಂಥ ಕೆಲಸಗಳಿಗೆ ಬೇಕಾದಾಗ ಬಿಟ್ಟುಕೊಡುತ್ತದೆ. ಇದು ಎಷ್ಟು ಮುಖ್ಯವೆಂದರೆ, ಕ್ಯಾಲ್‌ರೆಟಿಕ್ಯುಲಿನ್ ಜೀನ್ ತೆಗೆದುಹಾಕಿದ ಇಲಿಮರಿಗಳು ಹೃದಯ ಸರಿಯಾಗಿ ಬೆಳೆಯದೆ ಗರ್ಭದಲ್ಲೇ ಸಾಯುತ್ತವೆ ಎಂದು 1999ರಲ್ಲಿ ಕಂಡುಬಂತು.

ಗುಂಡುಸೂಜಿ ತೆಗೆದರೆ ಏನಾಗುತ್ತದೆ ಎಂಬ ಪ್ರಯೋಗಗಳೂ ನಡೆದಿವೆ. 1990ರಲ್ಲಿ ಹಾರ್ವೆ ಲೋಡಿಶ್ ಮತ್ತು ಸಹೋದ್ಯೋಗಿ ಯಕೃತ್ತಿನ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಏರುಪೇರು ಮಾಡಿದಾಗ, ಹೊರಗೆ ಹೋಗಬೇಕಾದ ಪ್ರೋಟೀನುಗಳು ಇ.ಆರ್. ಒಳಗೇ ಸಿಕ್ಕಿಬಿದ್ದವು. ಅದಕ್ಕೂ ಒಂದು ವರ್ಷ ಮೊದಲು ಕೇಂಬ್ರಿಡ್ಜಿನಲ್ಲಿ ಬೂತ್ ಮತ್ತು ಕಾಕ್ ಇನ್ನೊಂದು ವಿಚಿತ್ರ ಕಂಡಿದ್ದರು. ಕ್ಯಾಲ್ಸಿಯಂ ಸಮತೋಲ ತಪ್ಪಿದಾಗ ಇ.ಆರ್.ನಲ್ಲೇ ಇರಬೇಕಾದ ಪ್ರೋಟೀನುಗಳು ಕೋಶದ ಹೊರಗೆ ಬಂದುಬಿಟ್ಟವು. ಅಂದರೆ ಅಂಗಿಗಳು ಒಳಗೆ ಉಳಿದವು, ದರ್ಜಿಗಳು ಬೀದಿಗೆ ಬಂದರು!

ಹೀಗಾದಾಗ ಕೋಶ ಸುಮ್ಮನಿರುವುದಿಲ್ಲ. ಅರೆಹೊಲಿದ ಬಟ್ಟೆ ರಾಶಿ ಬಿದ್ದರೆ ಅಪಾಯದ ಗಂಟೆ ಬಾರಿಸಿ, ಹೊಸ ಆರ್ಡರ್ ನಿಲ್ಲಿಸಿ, ಇನ್ನಷ್ಟು ಶಾಪರೋನ್‌ಗಳನ್ನು ತಯಾರಿಸಲು ಹೇಳುತ್ತದೆ. ಈ ಗಂಟೆಯ ಕೆಲಸವನ್ನು ಬಿಡಿಸಿದ ಜಪಾನಿನ ಕಜುತೋಶಿ ಮೋರಿ ಮತ್ತು ಅಮೆರಿಕದ ಪೀಟರ್ ವಾಲ್ಟರ್ ಅವರಿಗೆ 2014ರ ಲಾಸ್ಕರ್ ಪ್ರಶಸ್ತಿ ಬಂತು. ಗಂಟೆ ಬಹಳ ಹೊತ್ತು ಬಾರಿಸಿದರೆ ಮಾತ್ರ ಕೋಶ ತನ್ನನ್ನೇ ಮುಗಿಸಿಕೊಳ್ಳುತ್ತದೆ.

4. ಉಪ್ಪು ಬೆವರಿನ ಮಕ್ಕಳು

ಇಷ್ಟು ಪಾಠವಾದ ಮೇಲೆ ಇದರಿಂದ ನಮಗೇನು ಎಂಬ ಪ್ರಶ್ನೆ ಬರುತ್ತದೆ. ಉತ್ತರಕ್ಕಾಗಿ ಒಂದು ಕಾಯಿಲೆಯನ್ನು ನೋಡೋಣ.

ಸಿಸ್ಟಿಕ್ ಫೈಬ್ರೋಸಿಸ್ ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆ. ಶ್ವಾಸಕೋಶದಲ್ಲಿ ಕಫ ಅಂಟಿನಂತೆ ಗಟ್ಟಿಯಾಗುತ್ತದೆ, ಮತ್ತೆ ಮತ್ತೆ ಸೋಂಕು ಬರುತ್ತದೆ, ಜೀರ್ಣರಸ ಸರಿಯಾಗಿ ಹರಿಯದೆ ಮಗು ತೂಕ ಏರುವುದಿಲ್ಲ, ಬೆವರಿನಲ್ಲಿ ಉಪ್ಪು ವಿಪರೀತವಾಗಿ ಹೋಗುತ್ತದೆ. 1948ರ ಬೇಸಿಗೆಯಲ್ಲಿ ನ್ಯೂಯಾರ್ಕಿಗೆ ಬಿಸಿಗಾಳಿ ಬಡಿದಾಗ, ಸೆಖೆಗೆ ಸುಸ್ತಾಗಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಹಲವರು ಈ ಕಾಯಿಲೆಯವರೇ ಆಗಿದ್ದದ್ದನ್ನು ಅಲ್ಲಿನ ವೈದ್ಯರು ಗಮನಿಸಿದರು. ಅದರ ಜಾಡು ಹಿಡಿದು 1953ರಲ್ಲಿ ಪಾಲ್ ಡಿ ಸಾಂಟ್ ಆಗ್ನೀಸ್ ಬೆವರಿನ ಉಪ್ಪಿನ ದೋಷವನ್ನು ಸ್ಪಷ್ಟಪಡಿಸಿದರು. ಇಂದಿಗೂ ರೋಗ ಪತ್ತೆಯ ಮುಖ್ಯ ಪರೀಕ್ಷೆ ಬೆವರಿನದೇ. ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ಕಾಯಿಲೆಯ ಬಲವಾದ ಸೂಚನೆ. ನ್ಯೂಯಾರ್ಕಿನ ಒಂದು ಬಿಸಿಗಾಳಿಯೇ ಹಾಗಾದರೆ, ಇಲ್ಲಿನ ಜೂನ್‌ನಿಂದ ಸೆಪ್ಟೆಂಬರ್ ಅಂಥ ಮಕ್ಕಳಿಗೆ ಎಷ್ಟು ಕಷ್ಟವೆಂದು ಊಹಿಸಿಕೊಳ್ಳಿ.

'ಇದು ಬಿಳಿಯರ ಕಾಯಿಲೆ, ನಮಗೆ ಬರುವುದಿಲ್ಲ' ಎಂದು ಬಹಳ ಕಾಲ ನಂಬಲಾಗಿತ್ತು. ಅದು ನಿಜವಲ್ಲ. 1990ರ ದಶಕದಲ್ಲಿ ಅಲ್ ಐನ್‌ನ ಯು.ಎ.ಇ. ವಿಶ್ವವಿದ್ಯಾಲಯದ ಸಂಶೋಧಕರು ಈ ದೇಶದ ರೋಗಿಗಳಲ್ಲಿ ಎರಡು ಮುಖ್ಯ ಜೀನ್ ದೋಷಗಳನ್ನು ಗುರುತಿಸಿದರು. ಬೆದೂಯಿನ್ ಮೂಲದವರಲ್ಲಿ ಎಸ್549ಆರ್ ಮತ್ತು ಬಲೂಚಿ ಮೂಲದವರಲ್ಲಿ ಡೆಲ್ಟಾ ಎಫ್508. ಭಾರತದಲ್ಲೂ ದೆಹಲಿಯ ಏಮ್ಸ್ ಮುಂತಾದ ಕಡೆಗಳ ವೈದ್ಯರು ಈ ಮಕ್ಕಳನ್ನು ಗುರುತಿಸುತ್ತಾ ಬಂದಿದ್ದಾರೆ. ಯೂರೋಪಿನ ರೋಗಿಗಳ ದೋಷದ ಜೀನ್‌ಗಳಲ್ಲಿ ಸುಮಾರು ನೂರಕ್ಕೆ 70ರಷ್ಟು ಡೆಲ್ಟಾ ಎಫ್508 ಇದ್ದರೆ, ನಮ್ಮವರಲ್ಲಿ ಅದರ ಪಾಲು ಬಹಳ ಕಡಿಮೆ, ಬೇರೆ ಬೇರೆ ದೋಷಗಳು ಹೆಚ್ಚು. ಆದ್ದರಿಂದ ಯೂರೋಪಿನವರಿಗಾಗಿ ಮಾಡಿದ ಚಿಕ್ಕ ಪಟ್ಟಿಯ ಜೀನ್ ಪರೀಕ್ಷೆಯಲ್ಲಿ ನಮ್ಮ ಮಗುವಿನ ಕಾಯಿಲೆ ತಪ್ಪಿಹೋಗಬಹುದು.

ಈಗ ಡೆಲ್ಟಾ ಎಫ್508 ಎಂದರೇನು ನೋಡೋಣ. ಸಿ.ಎಫ್.ಟಿ.ಆರ್. ಎಂಬ ಪ್ರೋಟೀನು 1,480 ಮಣಿಗಳ ಉದ್ದನೆಯ ಸರ. ಕೋಶದ ಹೊರಪೊರೆಯಲ್ಲಿ ಕೂತು ಕ್ಲೋರೈಡ್ ಹೋಗಲು ಬಾಗಿಲಾಗುವುದು ಅದರ ಕೆಲಸ. 1989ರಲ್ಲಿ ಇದರ ಜೀನ್ ಸಿಕ್ಕಿತು. 508ನೇ ಜಾಗದ ಒಂದೇ ಒಂದು ಮಣಿ ಇಲ್ಲದಿರುವುದೇ ಡೆಲ್ಟಾ ಎಫ್508. ಮರುವರ್ಷವೇ ಗೊತ್ತಾದ ಸಂಗತಿ ಏನೆಂದರೆ, ಈ ಬಾಗಿಲು ಹೊರಪೊರೆಗೆ ಬಂದೇ ಇರುವುದಿಲ್ಲ! ಮಡಿಕೆ ಸರಿಯಿಲ್ಲವೆಂದು ಇ.ಆರ್. ಅದನ್ನು ತಡೆದಿಟ್ಟು ಚೂರು ಮಾಡುತ್ತದೆ. ಕ್ಯಾಲ್ನೆಕ್ಸಿನ್ ಅದನ್ನು ಹಿಡಿದುಕೊಂಡಿರುವುದು 1994ರಲ್ಲಿ ಕಂಡಿತು.

ಇಲ್ಲಿ ಒಂದು ತಿರುವಿದೆ. 1992ರಲ್ಲಿ ವಿಜ್ಞಾನಿಗಳು ಇಂಥ ಜೀವಕೋಶಗಳನ್ನು ದೇಹದ ತಾಪಮಾನಕ್ಕಿಂತ ಹತ್ತು ಡಿಗ್ರಿಯಷ್ಟು ತಂಪಿನಲ್ಲಿ ಬೆಳೆಸಿದರು. ಆಗ ಕೆಲವು ಡೆಲ್ಟಾ ಎಫ್508 ಬಾಗಿಲುಗಳು ಹೊರಪೊರೆಗೆ ಬಂದವು ಮತ್ತು ಸ್ವಲ್ಪ ಮಟ್ಟಿಗೆ ಕೆಲಸವನ್ನೂ ಮಾಡಿದವು. ಅಂದರೆ ಅಂಗಿಯ ಕಾಲರ್ ಸ್ವಲ್ಪ ಸೊಟ್ಟಗಿದೆ, ಆದರೆ ಹಾಕಿಕೊಳ್ಳಲಾಗದಷ್ಟು ಕೆಟ್ಟಿಲ್ಲ. ಮಾಸ್ಟರ್ ತೀರಾ ಕಟ್ಟುನಿಟ್ಟು, ಅಷ್ಟೇ. ಹಾಗಾದರೆ ಮಾಸ್ಟರ್ ಕಣ್ಣು ತಪ್ಪಿಸಿ ಅಂಗಿಯನ್ನು ಹೊರಗೆ ತರಬಹುದೇ?

5. ಅರಿಶಿನದ ಕಥೆ

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮೇರಿ ಈಗನ್, ಮೈಕೆಲ್ ಕ್ಯಾಪ್ಲನ್ ಮತ್ತು ಸಂಗಡಿಗರು ಹೀಗೆ ಯೋಚಿಸಿದರು: ಅಂಗಿಯನ್ನು ಹಿಡಿದಿಟ್ಟಿರುವುದು ಕ್ಯಾಲ್ಸಿಯಂ ಬೇಕಾದ ಶಾಪರೋನ್‌ಗಳು. ಕ್ಯಾಲ್ಸಿಯಂ ತುಂಬುವುದು ಸರ್ಕಾ ಪಂಪು. ಪಂಪನ್ನು ಸ್ವಲ್ಪ ನಿಧಾನ ಮಾಡಿದರೆ ಗುಂಡುಸೂಜಿಗಳು ಕಡಿಮೆಯಾಗಿ, ಹಿಡಿತ ಸಡಿಲಾಗಿ, ಅಂಗಿ ಹೊರಗೆ ಜಾರಬಹುದು. 2002ರಲ್ಲಿ ಅವರು ಥ್ಯಾಪ್ಸಿಗಾರ್ಜಿನ್ ಎಂಬ, ಮೆಡಿಟರೇನಿಯನ್ ತೀರದ ಒಂದು ಗಿಡದಿಂದ ಬರುವ ಸರ್ಕಾ ತಡೆಯುವ ವಸ್ತುವನ್ನು ಬಳಸಿ ಜೀವಕೋಶಗಳಲ್ಲಿ ಇದು ಸಾಧ್ಯವೆಂದು ವರದಿ ಮಾಡಿದರು. ಆದರೆ ಥ್ಯಾಪ್ಸಿಗಾರ್ಜಿನ್ ವಿಷ, ಮಕ್ಕಳಿಗೆ ಕೊಡುವಂತಿಲ್ಲ.

ಸರ್ಕಾವನ್ನು ಮೃದುವಾಗಿ ತಡೆಯುವ, ತಿಂದರೂ ಅಪಾಯವಿಲ್ಲದ ವಸ್ತು ಯಾವುದಿದೆ? ಹುಡುಕಿದಾಗ ಸಿಕ್ಕಿದ್ದು ಕರ್ಕ್ಯುಮಿನ್, ನಮ್ಮ ಅರಿಶಿನದ ಹಳದಿ ಬಣ್ಣ! ಚಾಮರಾಜನಗರದ ಹೊಲಗಳಲ್ಲಿ ಬೆಳೆಯುವ, ಒಗ್ಗರಣೆಗೂ ಮದುವೆಗೂ ಬೇಕಾದ ಅರಿಶಿನ. 2004ರ ಏಪ್ರಿಲ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಅವರ ಪ್ರಬಂಧ ಬಂತು. ಡೆಲ್ಟಾ ಎಫ್508 ದೋಷವಿರುವ ಇಲಿಗಳಿಗೆ ಕರ್ಕ್ಯುಮಿನ್ ತಿನ್ನಿಸಿದಾಗ ಅವುಗಳ ಮೂಗಿನ ಪೊರೆಯಲ್ಲಿ ಕ್ಲೋರೈಡ್ ಸಾಗಾಟ ಸುಧಾರಿಸಿತು ಎಂಬ ವರದಿ. ಕಾಯಿಲೆಯ ಮಕ್ಕಳ ತಂದೆ ತಾಯಂದಿರಿಗೆ ಎಷ್ಟು ಆಸೆ ಹುಟ್ಟಿರಬೇಕು ಯೋಚಿಸಿ. ಅಂಗಡಿಯಲ್ಲೇ ಸಿಗುವ ಅರಿಶಿನ!

ಆದರೆ ವಿಜ್ಞಾನದಲ್ಲಿ ಒಬ್ಬರು ಕಂಡದ್ದನ್ನು ಇನ್ನೊಬ್ಬರೂ ಕಾಣಬೇಕು. ಅದೇ 2004ರಲ್ಲಿ ಕ್ಯಾಲಿಫೋರ್ನಿಯಾದ ಅಲನ್ ವರ್ಕ್‌ಮನ್ ಅವರ ತಂಡ ಜೀವಕೋಶಗಳಲ್ಲೂ ಇಲಿಗಳಲ್ಲೂ ಪ್ರಯೋಗ ಮಾಡಿ, ಕರ್ಕ್ಯುಮಿನ್‌ನಿಂದ ಅಂಥ ಸುಧಾರಣೆ ಕಾಣಲಿಲ್ಲ ಎಂದು ಪ್ರಕಟಿಸಿತು. ನಂತರ ಬೇರೆ ತಂಡಗಳಿಗೂ ಅದು ಸಿಗಲಿಲ್ಲ. ಜೊತೆಗೆ ಒಣ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಸುಮಾರು ಮೂರು ಪಾಲು. ತಿಂದದ್ದು ರಕ್ತಕ್ಕೆ ಸೇರುವುದಂತೂ ಬಹಳ ಕಡಿಮೆ.

ಇನ್ನೂ ಆಳವಾದ ತೊಡಕು ನಮ್ಮ ಅಂಗಡಿಯಲ್ಲೇ ಇದೆ. ಗುಂಡುಸೂಜಿ ತೆಗೆದರೆ ಆ ಒಂದು ಅಂಗಿಯ ಸೂಜಿ ಮಾತ್ರ ಹೋಗುವುದಿಲ್ಲ, ಅಂಗಡಿಯ ಎಲ್ಲ ಬಟ್ಟೆಗಳ ಸೂಜಿಯೂ ಹೋಗುತ್ತದೆ. ಒಂದು ಪ್ರೋಟೀನನ್ನು ಬಿಡಿಸಲು ಕ್ಯಾಲ್ಸಿಯಂ ಇಳಿಸಿದರೆ ಉಳಿದ ಸಾವಿರಾರು ಪ್ರೋಟೀನುಗಳ ಗತಿ ಏನು?

ಪರಿಹಾರ ಬೇರೆ ದಾರಿಯಿಂದ ಬಂತು: ಮಾಸ್ಟರ್ ಕಣ್ಣು ತಪ್ಪಿಸುವ ಬದಲು ಅಂಗಿಯ ಕಾಲರನ್ನೇ ಸರಿ ಮಾಡುವುದು! ಸಿ.ಎಫ್.ಟಿ.ಆರ್.ಗೇ ನೇರವಾಗಿ ಅಂಟಿಕೊಂಡು ಅದರ ಮಡಿಕೆಗೆ ಆಸರೆ ಕೊಡುವ 'ಕರೆಕ್ಟರ್' ಔಷಧಗಳು ಬಂದವು. ಆಗ ಶಾಪರೋನ್‌ಗಳೇ ಒಪ್ಪಿ ಬಾಗಿಲು ತೆರೆಯುತ್ತವೆ. 2012ರಲ್ಲಿ ಅಮೆರಿಕದಲ್ಲಿ ಐವಾಕ್ಯಾಫ್ಟರ್‌ಗೆ ಒಪ್ಪಿಗೆ ಸಿಕ್ಕಿತು. ಇದು ಪೊರೆಗೆ ಬಂದ ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. 2014ರಲ್ಲಿ ಈ ದೇಶದಲ್ಲಿ ಕಾಣುವ ಎಸ್549ಆರ್ ದೋಷಕ್ಕೂ ಅದನ್ನು ಬಳಸಲು ಅಲ್ಲಿ ಅನುಮತಿಯಾಯಿತು. 2019ರ ಅಕ್ಟೋಬರ್‌ನಲ್ಲಿ ಎರಡು ಕರೆಕ್ಟರ್ ಮತ್ತು ಐವಾಕ್ಯಾಫ್ಟರ್ ಸೇರಿದ ಮೂರು ಔಷಧಗಳ ಗುಳಿಗೆ ಬಂದ ಮೇಲೆ ಡೆಲ್ಟಾ ಎಫ್508 ಇರುವ ಬಹುಪಾಲು ರೋಗಿಗಳ ಬದುಕೇ ಬದಲಾಯಿತು. ಅದರ ದುಬಾರಿ ಬೆಲೆ ಮಾತ್ರ ಇನ್ನೂ ದೊಡ್ಡ ಅಡ್ಡಿ.

ಅರಿಶಿನದ ಪ್ರಯೋಗ ವ್ಯರ್ಥವಾಯಿತೇ? ಹಾಗೆ ಹೇಳಲಾಗದು. ಎಲ್ಲಿ ಕೈ ಹಾಕಬಾರದು ಎಂಬುದನ್ನು ತಿಳಿಯುವುದೂ ವಿದ್ಯೆಯೇ.

6. ಇನ್ಸುಲಿನ್ ಮತ್ತು ಹೊಸ ಸುದ್ದಿ

ಸಕ್ಕರೆ ಕಾಯಿಲೆ ಇಲ್ಲದ ಕನ್ನಡ ಕುಟುಂಬ ಕೊಲ್ಲಿಯಲ್ಲಿ ಅಪರೂಪ. ಆದ್ದರಿಂದ ಇನ್ಸುಲಿನ್ ಬಗ್ಗೆ ಎರಡು ಮಾತು.

ಮೇದೋಜೀರಕದ ಬೀಟಾ ಕೋಶ ಊಟದ ನಂತರ ನಿಮಿಷಕ್ಕೆ ಅಂದಾಜು ಹತ್ತು ಲಕ್ಷ ಇನ್ಸುಲಿನ್ ಪೂರ್ವರೂಪದ ಅಣುಗಳನ್ನು ತಯಾರಿಸಬಲ್ಲದು. 86 ಮಣಿಗಳ ಈ ಪೂರ್ವರೂಪಕ್ಕೆ ಮೂರು ಹೊಲಿಗೆಗಳು ಸರಿಯಾದ ಜಾಗದಲ್ಲೇ ಬೀಳಬೇಕು. ಆಮೇಲೆ ನಡುವಿನ ತುಂಡು ಕತ್ತರಿಸಿ 51 ಮಣಿಗಳ ಇನ್ಸುಲಿನ್ ಸಿಗುತ್ತದೆ. ಕತ್ತರಿಸುವ ಕಿಣ್ವಗಳಿಗೂ ಕ್ಯಾಲ್ಸಿಯಂ ಬೇಕು, ಕೋಶದಿಂದ ಹೊರಗೆ ಬಿಡಲೂ ಕ್ಯಾಲ್ಸಿಯಂ ಬೇಕು.

2025ರಲ್ಲಿ ನೇಚರ್ ಸೆಲ್ ಬಯಾಲಜಿ ಪತ್ರಿಕೆಯಲ್ಲಿ ಇನ್ನೊಂದು ಹೊಸ ಸಂಗತಿ ಬಂತು. ಪಿ.ಡಿ.ಐ. ಕುಟುಂಬದ ಪಿ.ಡಿ.ಐ.ಎ.6 ಎಂಬ ಶಾಪರೋನ್ ಕ್ಯಾಲ್ಸಿಯಂ ಇದ್ದಾಗ ಇ.ಆರ್. ಒಳಗೆ ಚದುರಿ ಓಡಾಡದೆ, ನೀರಿನಲ್ಲಿ ಎಣ್ಣೆ ಹನಿಗಟ್ಟುವಂತೆ ಸಣ್ಣ ಹನಿಗಳಾಗಿ ಸೇರುತ್ತದೆ. ಆ ಹನಿಯೊಳಗೆ ಇನ್ಸುಲಿನ್ ಪೂರ್ವರೂಪ ಗಂಟಾಗದೆ ಚೆನ್ನಾಗಿ ಮಡಿಚಿಕೊಳ್ಳುತ್ತದೆ. ದರ್ಜಿಗಳೆಲ್ಲ ಒಂದೇ ಮೇಜಿನ ಸುತ್ತ ಕೂತರೆ ಕೆಲಸ ಬೇಗ ಆಗುವುದಿಲ್ಲವೇ! ಗುಂಡುಸೂಜಿಯಾಗಿದ್ದ ಕ್ಯಾಲ್ಸಿಯಂ ಇಲ್ಲಿ ಕೆಲಸಗಾರರನ್ನು ಕರೆದು ಕೂರಿಸುವ ಮೇಸ್ತ್ರಿಯೂ ಆಗಿದೆ.

ಇ.ಆರ್. ಎಷ್ಟು ಉಪಯೋಗಿ ಎಂಬುದಕ್ಕೆ ಇನ್ನೊಂದು ಬೆಂಗಳೂರು ಉದಾಹರಣೆ. 1982ರಲ್ಲಿ ಮೊದಲು ಬಂದ ಮಾನವ ಇನ್ಸುಲಿನ್ ಔಷಧವನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿದರು. ಬ್ಯಾಕ್ಟೀರಿಯಾಕ್ಕೆ ಇ.ಆರ್. ಇಲ್ಲ, ಅದರಲ್ಲಿ ಪ್ರೋಟೀನು ಮಡಿಚಿಕೊಳ್ಳದೆ ಉಂಡೆಗಟ್ಟಿತು. ಕಾರ್ಖಾನೆಯಲ್ಲಿ ಬಿಡಿಸಿ ಮತ್ತೆ ಮಡಿಚಬೇಕಾಯಿತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಜೆನ್ ಅನ್ನು ಪಿಕಿಯಾ ಎಂಬ ಯೀಸ್ಟ್‌ನಲ್ಲಿ ತಯಾರಿಸಿತು. ಯೀಸ್ಟ್‌ಗೆ ಇ.ಆರ್. ಉಂಟು, ಶಾಪರೋನ್‌ಗಳೂ ಉಂಟು. ಅದು ಮಡಿಚಿ, ಹೊಲಿದು, ಹೊರಗೇ ಕಳಿಸಿಕೊಡುತ್ತದೆ. ದೋಸೆಯ ಹಿಟ್ಟು ಉಬ್ಬಿಸುವ ಸೂಕ್ಷ್ಮಜೀವಿಗಳ ನೆಂಟನೇ ನಮ್ಮ ಅಜ್ಜಿಯ ಇನ್ಸುಲಿನ್‌ಗೂ ದರ್ಜಿ!

7. ಮನೆಯಲ್ಲಿ ಏಳುವ ಪ್ರಶ್ನೆಗಳು

ಕ್ಯಾಲ್ಸಿಯಂ ಗುಳಿಗೆ ಹೆಚ್ಚು ನುಂಗಿದರೆ, ರಾಗಿ ಹೆಚ್ಚು ತಿಂದರೆ ಶಾಪರೋನ್‌ಗಳು ಚುರುಕಾಗುತ್ತವೆಯೇ?
ಇಲ್ಲ. ರಕ್ತದ ಕ್ಯಾಲ್ಸಿಯಂ ಅನ್ನು ದೇಹ 100 ಮಿಲಿ ಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ಒಳಗೆ ಬಿಗಿಯಾಗಿ ಕಾಯುತ್ತದೆ. ಕಡಿಮೆಯಾದರೆ ಮೂಳೆಯಿಂದ ತೆಗೆಯುತ್ತದೆ. ಇ.ಆರ್. ಒಳಗಿನ ಮಟ್ಟವನ್ನು ನಿರ್ಧರಿಸುವುದು ಪಂಪುಗಳೇ ಹೊರತು ನಮ್ಮ ಊಟದ ತಟ್ಟೆಯಲ್ಲ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೂಳೆಗಾಗಿ ಸಂತೋಷವಾಗಿ ತಿನ್ನಿ. ಗುಳಿಗೆ ಮಾತ್ರ ವೈದ್ಯರು ಹೇಳಿದಷ್ಟೇ. ಅತಿಯಾದರೆ ಮೂತ್ರಪಿಂಡದ ಕಲ್ಲಿಗೆ ದಾರಿ.

ಅರಿಶಿನ ಹಾಲು ಬಿಡಬೇಕೇ?
ಬೇಡ. ಅಡುಗೆಯ ಅರಿಶಿನ ನಮ್ಮ ಊಟದ ಭಾಗ. ಆದರೆ ಅದು ಸಿಸ್ಟಿಕ್ ಫೈಬ್ರೋಸಿಸ್‌ಗೆ ಔಷಧವಲ್ಲ. 'ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ' ಎಂಬ ಫಾರ್ವರ್ಡ್ ನೋಡಿ ಹೆಚ್ಚು ಪ್ರಮಾಣದ ಕರ್ಕ್ಯುಮಿನ್ ಕ್ಯಾಪ್ಸೂಲ್ ಕೊಡಬೇಡಿ. ಅಂಥ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ತೊಂದರೆಯಾದ ವರದಿಗಳಿವೆ.

ಯಾವಾಗ ಮಕ್ಕಳ ವೈದ್ಯರನ್ನು ಕೇಳಬೇಕು?
ಮುತ್ತು ಕೊಟ್ಟಾಗ ಮಗುವಿನ ಕೆನ್ನೆ ತೀರಾ ಉಪ್ಪಾಗಿದ್ದರೆ, ಎದೆ ಸೋಂಕು ಪದೇ ಪದೇ ಬರುತ್ತಿದ್ದರೆ, ಮಲ ಜಿಡ್ಡಾಗಿ ತೂಕ ಏರದಿದ್ದರೆ, ಸೆಖೆಗೆ ಮಗು ಮತ್ತೆ ಮತ್ತೆ ನಿತ್ರಾಣವಾಗುತ್ತಿದ್ದರೆ 'ಬೆವರಿನ ಪರೀಕ್ಷೆ ಬೇಕೇ ಡಾಕ್ಟ್ರೇ?' ಎಂದು ಕೇಳಲು ಸಂಕೋಚ ಬೇಡ. ಸೋದರಮಾವ, ಅತ್ತೆಮಗ, ಮಾವನಮಗಳು ಎಂದು ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಇಬ್ಬರಲ್ಲೂ ಒಂದೇ ದೋಷದ ಜೀನ್ ಇರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದರಲ್ಲಿ ತಾಯಿಯದ್ದಾಗಲಿ ಸೊಸೆಯದ್ದಾಗಲಿ ತಪ್ಪೇನಿಲ್ಲ. ಇಬ್ಬರಿಂದಲೂ ಸಮವಾಗಿ ಬಂದದ್ದು.

8. ಮಕ್ಕಳಿಗೆ ಅಭ್ಯಾಸ

ಅ) ಬೇಯಿಸಿದ ಮೊಟ್ಟೆಯ ಬಿಳಿಭಾಗ ತಣ್ಣಗಾದ ಮೇಲೂ ಏಕೆ ತಿಳಿಯಾಗುವುದಿಲ್ಲ? ಎರಡು ವಾಕ್ಯದಲ್ಲಿ ಕನ್ನಡದಲ್ಲೇ ಬರೆಯಿರಿ.
ಆ) ಸರ್ಕಾ ಪಂಪು ನಿಂತರೆ ಇ.ಆರ್. ಒಳಗಿನ ಕ್ಯಾಲ್ಸಿಯಂ ಏನಾಗುತ್ತದೆ? ಆಗ ಬಿಪ್ ಏನು ಮಾಡುತ್ತದೆ?
ಇ) ಡೆಲ್ಟಾ ಎಫ್508 ದೋಷಕ್ಕೆ ಗುಂಡುಸೂಜಿ ತೆಗೆಯುವ ದಾರಿ, ಕಾಲರ್ ಸರಿ ಮಾಡುವ ದಾರಿ ಎರಡರಲ್ಲಿ ಯಾವುದು ಉತ್ತಮ? ಏಕೆ?
ಈ) ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಎರಡರಲ್ಲೂ ಇನ್ಸುಲಿನ್ ಮಾಡಬಹುದಾದರೂ ವ್ಯತ್ಯಾಸವೇನು?

ಉತ್ತರಗಳೆಲ್ಲ ಪಾಠದಲ್ಲೇ ಇವೆ. ಬರೆದು ಮನೆಯ ಹಿರಿಯರಿಗೆ ಓದಿ ಹೇಳಿ. ಊರಿನಲ್ಲಿರುವ ಅಜ್ಜ ಅಜ್ಜಿಗೆ ಫೋನಿನಲ್ಲಿ ವಿವರಿಸಿದರೆ ಇನ್ನೂ ಒಳ್ಳೆಯದು, ಪಾಠವೂ ಗಟ್ಟಿಯಾಗುತ್ತದೆ, ಕನ್ನಡವೂ ಉಳಿಯುತ್ತದೆ.

ಸಿರಿಗನ್ನಡಂ ಗೆಲ್ಗೆ.